ಯೂನಿಫಾರ್ಮ್ ಸೀಸನ್‌ನಲ್ಲಿ ಗಣಿತದ ಕ್ಯಾಂಪು

ಕಳೆದ ನವೆಂಬರ್‌ನ ಒಂದು ಭಾನುವಾರ ಎದುರು ಮನೆ ಹುಡುಗಿ ಫೋನ್ ಹಿಡ್ಕೊಂಡು ಬಂದಳು. ಜಯನಗರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷ. "ಅಕ್ಕಾ, ಬೇಸಿಗೆ ರಜೆಯಲ್ಲಿ ಮ್ಯಾಥ್ಸ್‌ನಲ್ಲಿ ರಿಸರ್ಚ್ ಥರ ಏನಾದ್ರೂ ಮಾಡಬಹುದಾ? ನನ್ನ ಫ್ರೆಂಡ್ಸ್ ಎಲ್ಲಾ ಇಂಟರ್ನ್‌ಶಿಪ್ ಹುಡುಕ್ತಿದ್ದಾರೆ" ಅಂದಳು.

ಸರಿಯಾದ ಹೊತ್ತಿಗೇ ಕೇಳಿದ್ದಾಳೆ ಅನ್ನಿಸಿ ಸಮಾಧಾನವಾಯಿತು. ನಾನು ಇದೇ ಪ್ರಶ್ನೆ ಕೇಳಿದ್ದು ಮೊದಲನೇ ವರ್ಷದ ಏಪ್ರಿಲ್‌ನಲ್ಲಿ. ಆಗಲೇ ಎಲ್ಲಾ ಕಡೆ ಅರ್ಜಿ ಮುಗಿದಿತ್ತು. ಬೇಸಿಗೆಯ ಕೆಲಸಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕು ಅನ್ನೋದನ್ನ ನಮ್ಮಂಥ ಮನೆಗಳಲ್ಲಿ ಹೇಳೋರೇ ಇರಲಿಲ್ಲ.

ನಮ್ಮಪ್ಪನದು ಬನಶಂಕರಿ ಎರಡನೇ ಹಂತದಲ್ಲಿ ಪುಟ್ಟ ಟೈಲರ್ ಅಂಗಡಿ. ಮೇ, ಜೂನ್ ಅಂದರೆ ಸ್ಕೂಲ್ ಯೂನಿಫಾರ್ಮ್ ಸೀಸನ್. ವರ್ಷದ ಸಾಲ ತೀರೋದು ಆ ಎರಡು ತಿಂಗಳಲ್ಲೇ. ಕಾಜಾ ಹಾಕೋದು, ಬಟನ್ ಹೊಲಿಯೋದು ನನ್ನ, ಅಮ್ಮನ ಕೆಲಸ. ಅದೇ ತಿಂಗಳುಗಳಲ್ಲಿ ಎಂಟಿಟಿಎಸ್ ಕ್ಯಾಂಪು.

ಎಂಟಿಟಿಎಸ್ ಅಂದರೆ ಗಣಿತ ತರಬೇತಿ ಮತ್ತು ಪ್ರತಿಭಾನ್ವೇಷಣೆ ಕಾರ್ಯಕ್ರಮ. ಪ್ರೊ. ಎಸ್. ಕುಮರೇಶನ್ 1993ರಲ್ಲಿ ಶುರು ಮಾಡಿದ್ದು. ನಾಲ್ಕು ವಾರ. ಊಟ, ವಸತಿ, ರೈಲಿನ ಸ್ಲೀಪರ್ ಚಾರ್ಜು ಅವರದೇ. ಪದವಿಯ ಎರಡನೇ ವರ್ಷದವರಿಗೆ ಅಂತಲೇ ಒಂದು ಹಂತ ಇತ್ತು. ಅಂಕಪಟ್ಟಿ ಜೊತೆಗೆ ಗಣಿತದ ಮೇಷ್ಟ್ರೊಬ್ಬರ ಶಿಫಾರಸು ಪತ್ರ ಬೇಕು.

ಆ ಪತ್ರಕ್ಕೇ ನಾನು ಅಲೆದದ್ದು ಮೂರು ವಾರ. ಕೇಳಿದ ಮೊದಲ ಮೇಷ್ಟ್ರು, "ನಿನಗ್ಯಾಕಮ್ಮ ಇದೆಲ್ಲ? ಬಿ.ಎಡ್. ಮಾಡ್ಕೋ" ಅಂದರು. ಕೊನೆಗೆ ಬರೆದುಕೊಟ್ಟವರು ತಾತ್ಕಾಲಿಕ ಹುದ್ದೆಯಲ್ಲಿದ್ದ ಮೇಡಂ, ಕಡೇ ದಿನದ ಮಧ್ಯಾಹ್ನ, ಬಸ್ ಸ್ಟಾಪಿನಲ್ಲಿ ನಿಂತುಕೊಂಡೇ.

ಆಯ್ಕೆಯಾದ ಸುದ್ದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಸಂಬಳ ಕೊಡ್ತಾರಾ?" ಇಲ್ಲ ಅಂದೆ. ಅಮ್ಮ ಬಟನ್ ಡಬ್ಬಿ ಮುಚ್ಚಿಟ್ಟು ಒಳಗೆ ಹೋದರು. ಅಪ್ಪ ಮಾತ್ರ ಮೆಷಿನ್ ನಿಲ್ಲಿಸದೆ, "ನಾವು ದುಡ್ಡು ಕೊಡೋ ಹಾಗಿಲ್ಲ ತಾನೆ? ಹೋಗಿ ಬಾ" ಅಂದರು.

ಬೇರೆ ರಾಜ್ಯದ ಒಂದು ಕ್ಯಾಂಪಸ್. ರಿಯಲ್ ಅನಾಲಿಸಿಸ್‌ನಲ್ಲಿ ನನಗೆ ನೂರಕ್ಕೆ ತೊಂಬತ್ತರ ಮೇಲೆ ಬಂದಿತ್ತು, ಅದೇ ಜಂಬದಲ್ಲಿ ಹೋಗಿದ್ದೆ. ಮೊದಲ ವಾರವೇ ಪ್ರೊಫೆಸರ್ ಕೇಳಿದರು: "2ರ ವರ್ಗಮೂಲ ಭಿನ್ನರಾಶಿ ಅಲ್ಲ ಅಂತ ನೀವೆಲ್ಲ ಸಾಧಿಸಿದ್ದೀರಿ. ಸರಿ. ಅಂಥದೊಂದು ಸಂಖ್ಯೆ ಇದೆ ಅಂತ ಯಾರು ಹೇಳಿದ್ದು?"

ಬೋರ್ಡ್ ಹತ್ತಿರ ಹೋಗಿ ನಿಂತೆ. ಬಾಯಿ ಒಣಗಿಹೋಯಿತು. ಕ್ಯಾಲ್ಕುಲೇಟರ್ ತೋರಿಸುತ್ತಲ್ಲ ಅಂತ ಹೇಳಿ ನಗೆಪಾಟಲಾದೆ. ಯಾರೂ ಉತ್ತರ ಹೇಳಿಕೊಡಲಿಲ್ಲ. ಮಾರನೇ ದಿನ ಬರೋಕೆ ಹೇಳಿದರು, ಅಷ್ಟೇ.

ನಾಲ್ಕು ದಿನ ಹಿಡೀತು. 1.4ರ ವರ್ಗ 1.96. 1.41ರದ್ದು 1.9881. 1.414 ತಗೊಂಡರೆ 1.999396. ಹತ್ತಿರ ಹೋಗ್ತಾನೇ ಇರ್ತೀವಿ, ಮುಟ್ಟಲ್ಲ. ಬರೀ ಭಿನ್ನರಾಶಿಗಳೇ ಇರೋ ಸಾಲಿನಲ್ಲಿ ಆ ಜಾಗದಲ್ಲಿ ನಿಜಕ್ಕೂ ಒಂದು ತೂತಿದೆ. ನೈಜ ಸಂಖ್ಯೆಗಳ ಗುಣ ಬೇರೆ. ಅಲ್ಲಿ ಯಾವುದೇ ಗುಂಪಿಗೆ ಮೇಲೊಂದು ಮಿತಿ ಇದ್ದರೆ, ಅಂಥ ಮಿತಿಗಳಲ್ಲೆಲ್ಲ ತೀರಾ ಚಿಕ್ಕದು ಅಂತ ಒಂದು ಇದ್ದೇ ಇರುತ್ತೆ. ವರ್ಗ 2ಕ್ಕಿಂತ ಕಡಿಮೆ ಇರೋ ಸಂಖ್ಯೆಗಳನ್ನೆಲ್ಲ ಗುಂಪು ಮಾಡಿ, ಆ ಚಿಕ್ಕ ಮಿತಿ ಹಿಡಿದುಕೊಳ್ಳಿ. ಅದರ ವರ್ಗ 2ಕ್ಕಿಂತ ಕಡಿಮೆ ಆದರೆ ಗುಂಪಿನಲ್ಲೇ ಅದಕ್ಕಿಂತ ದೊಡ್ಡದು ಸಿಗುತ್ತೆ. ಹೆಚ್ಚಾದರೆ ಅದಕ್ಕಿಂತ ಚಿಕ್ಕ ಮಿತಿ ಸಿಗುತ್ತೆ. ಎರಡೂ ಆಗೋ ಹಾಗಿಲ್ಲ. ಹಾಗಾಗಿ ಸರಿಯಾಗಿ 2. ಅವತ್ತು ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ. ಎರಡು ವರ್ಷ ಬಾಯಿಪಾಠ ಮಾಡಿದ್ದರಲ್ಲಿ ಮೊದಲ ಸಲ ಒಂದು ವಿಷಯ ನನ್ನದಾಗಿತ್ತು.

ವಾಪಸ್ ಬಂದು ಅಪ್ಪನಿಗೆ ಇದನ್ನೇ ಹೇಳಿದೆ. ಅವರು ಒಂದು ಮೀಟರ್ ಚೌಕದ ಬಟ್ಟೆಯನ್ನ ಮೂಲೆಯಿಂದ ಮೂಲೆಗೆ ಮಡಚಿ, "ಇಲ್ಲೇ ಇದೆಯಲ್ಲ ನಿನ್ನ ಸಂಖ್ಯೆ. ನಾವು ದಿನಾ ಕತ್ತರಿಸ್ತೀವಿ" ಅಂದರು. ನಿಜ, ಆ ಮಡಿಕೆಯ ಉದ್ದ 2ರ ವರ್ಗಮೂಲ. "ಉದ್ದ ಇದೆ ಅಪ್ಪಾ, ಆದ್ರೆ ಪ್ರತಿ ಉದ್ದಕ್ಕೂ ಒಂದು ಸಂಖ್ಯೆ ಇದೆ ಅಂತ ಹೆಂಗೆ ಗೊತ್ತು?" ಅಂದೆ. ಅಪ್ಪ ಸ್ವಲ್ಪ ಹೊತ್ತು ಟೇಪನ್ನೇ ನೋಡ್ತಿದ್ದರು.

ಆ ಸಲ ನಲವತ್ತು ಜೊತೆ ಯೂನಿಫಾರ್ಮ್ ತಡವಾಗಿ, ಒಂದು ಶಾಲೆಯ ಆರ್ಡರ್ ಮುಂದಿನ ವರ್ಷ ಬೇರೆಯವರಿಗೆ ಹೋಯಿತು. ಅದನ್ನ ನನಗೆ ಯಾರೂ ಹೇಳಲಿಲ್ಲ. ಡೈರಿ ನೋಡಿದಾಗ ಗೊತ್ತಾಯಿತು.

ನಾನು ಗಣಿತಜ್ಞೆ ಆಗಲಿಲ್ಲ. ಮುಂದಿನ ವರ್ಷ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿದೆ, ಸಿಗಲಿಲ್ಲ. ಎಂ.ಎಸ್ಸಿ. ಮುಗಿಸಿ ಈಗ ಬಿಟಿಎಂ ಲೇಔಟಿನಲ್ಲಿ ಡೇಟಾ ಕೆಲಸ. ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸುವಾಗ "ಇದು ಯಾಕೆ ನಿಜ?" ಅಂತ ಕೇಳೋ ಅಭ್ಯಾಸ ಮಾತ್ರ ಆ ನಾಲ್ಕು ವಾರದ್ದು. ಎಲ್ಲ ಮ್ಯಾನೇಜರ್‌ಗಳಿಗೂ ಇಷ್ಟ ಆಗಲ್ಲ, ಇರಲಿ.

ಎದುರು ಮನೆ ಹುಡುಗಿ ಫೋನಲ್ಲಿ ಅಮೆರಿಕದ ಆರ್‌ಇಯು ಪಟ್ಟಿ ತೆರೆದಿಟ್ಟಿದ್ದಳು. ಅದಕ್ಕೆ ದುಡ್ಡು ಕೊಡೋದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅದೂ ಮುಖ್ಯವಾಗಿ ಅಲ್ಲಿಯ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ. ಅದನ್ನ ಮುಚ್ಚಿಸಿ ನಮ್ಮಲ್ಲಿರೋದನ್ನ ತೋರಿಸಿದೆ. ಮೊದಲು ಎಂಟಿಟಿಎಸ್. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡೋ ಫೆಲೋಶಿಪ್: ಎಂಟು ವಾರ, ಒಬ್ಬ ಮಾರ್ಗದರ್ಶಕರ ಹತ್ತಿರ. ಬನಶಂಕರಿಯಿಂದ ರಿಂಗ್ ರೋಡ್ ಹಿಡಿದು ನಾಯಂಡಹಳ್ಳಿಗೆ ಹೋಗಿ ಮೈಸೂರು ರಸ್ತೆಗೆ ತಿರುಗಿದರೆ ಭಾರತೀಯ ಸಾಂಖ್ಯಿಕ ಸಂಸ್ಥೆ ಇದೆ, ಪದವಿ ಮಟ್ಟದಲ್ಲೇ ಗಣಿತ ಕಲಿಸೋ ಜಾಗ. ಮನೆಗಿಷ್ಟು ಹತ್ತಿರ ಇದೆ ಅಂತ ನನಗೆ ಗೊತ್ತಾದಾಗ ನನ್ನ ಪದವಿಯೇ ಮುಗಿದಿತ್ತು.

"ಅಲ್ಲಿ ಹೊಸದಾಗಿ ಏನಾದ್ರೂ ಕಂಡುಹಿಡೀಬೇಕಾ?" ಅಂತ ಹೆದರಿಕೊಂಡೇ ಕೇಳಿದಳು. ಗಣಿತದಲ್ಲಿ ಈ ವಯಸ್ಸಿನ ಸಂಶೋಧನೆ ಅಂದರೆ ಬಹುಪಾಲು ಒಂದು ಒಳ್ಳೆ ಪುಸ್ತಕವನ್ನ ಯಾರದೋ ಎದುರು ಕೂತು ಸಾಲು ಬಿಡದೆ ಓದೋದು, ಕೊನೆಗೆ ಬೋರ್ಡ್ ಮುಂದೆ ನಿಂತು ವಿವರಿಸೋದು. ಅಷ್ಟೇ ಅಂದರೂ ಅದು ಸಣ್ಣದಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು, "ಅಮ್ಮ ಸಂಬಳ ಎಷ್ಟು ಅಂತ ಕೇಳ್ತಾರೆ ಅಕ್ಕಾ" ಅಂದಳು. ಅವಳ ಅಮ್ಮ ಕೇಟರಿಂಗ್ ಕೆಲಸದವರು, ಮೇ ತಿಂಗಳು ಅವರಿಗೆ ಮದುವೆ ಸೀಸನ್. ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಸಂಜೆ ನಾನೇ ಬಂದು ಮಾತಾಡ್ತೀನಿ ಅಂದೆ. ಹೋದೆ. ಮಾತು ಮುಗಿಯುವಷ್ಟರಲ್ಲಿ ಅವರಮ್ಮನ ಜೊತೆ ಕೂತು ಎರಡು ಕೆಜಿ ಅವರೆಕಾಯಿ ಬಿಡಿಸಿದ್ದೆವು. ಅರ್ಜಿ ಹೋಗಿದೆ. ಶಿಫಾರಸು ಪತ್ರಕ್ಕೆ ಅವಳೀಗ ಮೇಷ್ಟ್ರನ್ನ ಹುಡುಕ್ತಿದ್ದಾಳೆ.