ಮುರ್ಡೇಶ್ವರದ ಮೆಟ್ಟಿಲ ಬಳಿ

ಶಿವರಾತ್ರಿ ಕಳೆದ ಮೇಲೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಸಮುದ್ರ ನೋಡುವ ಮಾತು ಏಳುವುದು ವಾಡಿಕೆ. 2024ರ ಶಿವರಾತ್ರಿಯ ತರುವಾಯ ಎರಡನೆಯ ವಾರ ನಾವೂ ಹಾವೇರಿಯಿಂದ ಹೊರಟೆವು. ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಕುಮಟಾ ಹಾಗೂ ಹೊನ್ನಾವರಗಳನ್ನು ಹಿಂದೆ ಹಾಕಿ, ಶರಾವತಿಯ ಸೇತುವೆಯ ಮೇಲೆ ಸಾಗುವಾಗ ಎಪ್ಪತ್ತು ದಾಟಿದ ನಮ್ಮ ಅವ್ವ ಕಿಟಕಿಯಿಂದ ಕೈಮುಗಿದರು. ಮುರ್ಡೇಶ್ವರ ತಲುಪಿದಾಗ ಹನ್ನೊಂದು ಗಂಟೆ.

ಭಟ್ಕಳ ತಾಲ್ಲೂಕಿನ ಈ ಕ್ಷೇತ್ರದ ವರ್ಣನೆ ಓದುಗ ಬಂಧುಗಳಿಗೆ ಹೊಸದಲ್ಲ. ಮೂರು ಕಡೆ ಅರಬ್ಬೀ ಸಮುದ್ರ ಸುತ್ತುವರಿದ ಕಂದುಕಗಿರಿ, ಅದರ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿ, ಬಾಗಿಲಲ್ಲಿ ಇಪ್ಪತ್ತು ಅಂತಸ್ತಿನ ರಾಜಗೋಪುರ. ರಾವಣನ ಆತ್ಮಲಿಂಗದ ಕಥೆ ಗೋಕರ್ಣದಿಂದ ಇಲ್ಲಿಯವರೆಗೆ ಹಬ್ಬಿದೆ. ಇದೇ ಊರಿನಲ್ಲಿ ಹುಟ್ಟಿದ ಉದ್ಯಮಿ ಆರ್. ಎನ್. ಶೆಟ್ಟಿಯವರು ಕ್ಷೇತ್ರಕ್ಕೆ ಇಂದಿನ ರೂಪ ಕೊಟ್ಟರು. ಅವರು 2020ರಲ್ಲಿ ತೀರಿಕೊಂಡರು. ಗೋಪುರದೊಳಗೆ ಲಿಫ್ಟ್ ಇದೆ. ಮೇಲಿನಿಂದ ಕಾಣುವ ಕಡಲು, ದೋಣಿಗಳ ಸಾಲು, ತೆಂಗಿನ ತೋಟಗಳು ನಿಜಕ್ಕೂ ಮನಮೋಹಕ. ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಉಳಿದದ್ದು ಮೇಲಿನ ನೋಟವಲ್ಲ.

ಗೋಪುರದ ಬುಡದಲ್ಲಿ ಎರಡು ಕಾಂಕ್ರೀಟ್ ಆನೆಗಳು ನಿಂತಿವೆ. ಅವುಗಳ ಪೈಕಿ ಒಂದರ ನೆರಳಿನ ಅಂಚಿನಲ್ಲಿ ವೃದ್ಧೆಯೊಬ್ಬರು ಗೋಡೆಗೆ ಒರಗಿ ಕುಳಿತಿದ್ದರು. ಮಾಸಿದ ಇಳಕಲ್ ಸೀರೆ, ಅರೆಮುಚ್ಚಿದ ಕಣ್ಣು, ಮಡಿಲಲ್ಲಿ ಒಂದು ಕೈಚೀಲ. ಮುಂದೆ ಹರಡಿದ ಸೆರಗಿನ ಮೇಲೆ ಕೆಲವು ನಾಣ್ಯಗಳು ಬಿದ್ದಿದ್ದವು. ನಮ್ಮ ಮುಂದೆ ಹೋಗುತ್ತಿದ್ದವರೊಬ್ಬರು ಇನ್ನೊಂದು ನಾಣ್ಯವನ್ನು ಹಾಕಿ ಮುಂದೆ ಸಾಗಿದರು. ನಾನೂ ಕಿಸೆಗೆ ಕೈಹಾಕಿದೆ. ಚಿಲ್ಲರೆ ಇರಲಿಲ್ಲ. ಸರದಿಯ ಸಾಲು ಬೆಳೆಯುತ್ತಿದ್ದುದರಿಂದ ಮುಂದೆ ನಡೆದೆ.

ಲಿಫ್ಟಿನ ಸರದಿ, ಮೇಲಿನ ನೋಟ, ಮಕ್ಕಳ ಫೋಟೋ ಎಲ್ಲ ಮುಗಿದು ಇಳಿಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ನೆರಳು ಸರಿದು ಆ ವೃದ್ಧೆ ಬಿಸಿಲಿನಲ್ಲಿದ್ದರು. ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದರು. “ಯಪ್ಪಾ, ಆಕಿ ಇನ್ನೂ ಅಲ್ಲೇ ಕುಂತಾಳ ನೋಡು. ಕೊರಳಾಗ ಶಿವದಾರ ಐತಿ. ಬೇಡಾಕ ಬಂದಾಕಿ ಅಲ್ಲ ಆಕಿ.”

ಶಿವದಾರ ಕಂಡ ಮೇಲೆಯೇ ನನ್ನ ಕಾಲು ನಿಂತಿತೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ನಮ್ಮವರೆಂಬ ಗುರುತು ಸಿಗದೇ ಇದ್ದಿದ್ದರೆ ನಾನು ಎರಡನೆಯ ಸಲವೂ ದಾಟಿ ಹೋಗುತ್ತಿದ್ದೆನೇನೋ! ಬೇಡುವವರಾಗಿದ್ದರೂ ಸುಡುವ ಬಿಸಿಲಿನಲ್ಲಿ ಕಣ್ಣುಮುಚ್ಚಿ ಕುಳಿತ ಮುದುಕಿಯನ್ನು ಮಾತನಾಡಿಸಬಾರದೆ? ಈ ಪ್ರಶ್ನೆ ಮನೆಗೆ ಮರಳಿದ ಮೇಲೂ ನನ್ನನ್ನು ಕಾಡಿತು.

ನಾವು ಹತ್ತಿರ ಹೋಗುವಷ್ಟರಲ್ಲಿ ಅಲ್ಲಿಯೇ ಪಾನಕ ಮಾರುತ್ತಿದ್ದ ಹೆಂಗಸೊಬ್ಬಳು ಗಿರಾಕಿಗಳನ್ನು ಬಿಟ್ಟು ಬಂದು ಅಜ್ಜಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಶಿವದಾರವೆಂದರೇನೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ. ಆಕೆ ಕೇಳಿದ್ದು ಎರಡೇ ಮಾತು: “ಅಮ್ಮಾ, ಹೆಸರೇನು? ಬೆಳಿಗ್ಗೆ ಏನಾದ್ರೂ ತಿಂದಿದ್ರಾ?” ಅಜ್ಜಿ ಬಹಳ ಹೊತ್ತಿನ ಮೇಲೆ ತಡವರಿಸುತ್ತ ಹೆಸರು ಹೇಳಿದರು, ತಿಂದಿಲ್ಲವೆಂದು ತಲೆಯಾಡಿಸಿದರು. ಮೈ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. ಆಕೆ ಸಕ್ಕರೆ ಹಾಕಿದ ಕೋಕಂ ಪಾನಕವನ್ನು ಲೋಟದಲ್ಲಿ ತಂದು ಗುಟುಕು ಗುಟುಕಾಗಿ ಕುಡಿಸಿದಳು. ನಾನು, ಮಗ ಇಬ್ಬರೂ ಸೇರಿ ಅಜ್ಜಿಯನ್ನು ನೆರಳಿಗೆ ಸರಿಸಿದೆವು. ಅವ್ವ ಸೆರಗಿನಿಂದ ಗಾಳಿ ಬೀಸಿದರು.

ಹತ್ತು ಹದಿನೈದು ನಿಮಿಷಗಳಲ್ಲಿ ಅಜ್ಜಿಗೆ ಮಾತು ಬಂತು. ರಾಣೆಬೆನ್ನೂರು ಕಡೆಯವರು. ಓಣಿಯ ಹೆಂಗಸರೊಡನೆ ಬಸ್ಸಿನಲ್ಲಿ ಬಂದವರು. ಜೊತೆಯವರೆಲ್ಲ ದರ್ಶನ ಮುಗಿಸಿ ಸಮುದ್ರದ ಕಡೆ ನಡೆದಿದ್ದರು. ಕಾಲು ಸೋತು ಇವರು ಹಿಂದೆ ಉಳಿದರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದಾರೆ. ಘಟ್ಟದಲ್ಲಿ ವಾಂತಿಯಾದೀತೆಂದು ತಿಂಡಿ ತಿಂದಿಲ್ಲ, ದಾರಿಯಲ್ಲಿ ಶೌಚಕ್ಕೆ ಇಳಿಯುವ ಸಂಕೋಚದಿಂದ ನೀರನ್ನೂ ಕುಡಿದಿಲ್ಲ!

ತಾಯಂದಿರನ್ನು ಯಾತ್ರೆಗೆ ಕಳಿಸುವ ಮನೆಯವರು ಈ ಮಾತನ್ನು ಗಮನಿಸಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ, ಮಗನನ್ನು ಕೈಚಾಚಿ ಕೇಳದೆಯೇ ಕ್ಷೇತ್ರದರ್ಶನ ಮಾಡುವ ಭಾಗ್ಯ ಎಷ್ಟೋ ಹಿರಿಯ ಹೆಣ್ಣುಮಕ್ಕಳಿಗೆ ದೊರೆತಿದೆ. ಅದು ಸಂತೋಷದ ಸಂಗತಿಯೇ. ಆದರೆ ಗುಳಿಗೆ ನುಂಗಿ ಹಸಿದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಮಾತನಾಡುವ, ನುಂಗಬಲ್ಲ ಸ್ಥಿತಿಯಲ್ಲಿದ್ದವರಿಗೆ ಮಾತ್ರ ಸಿಹಿ ಪಾನಕ ಕೊಡಬಹುದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಪಾನಕದ ಗೊಡವೆಗೆ ಹೋಗದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಮನೆಯವರನ್ನು ಹುಡುಕುವುದು ಹೇಗೆ? ಅಜ್ಜಿಗೆ ಫೋನ್ ಇಲ್ಲ, ನಂಬರೂ ನೆನಪಿಲ್ಲ. ಕೈಚೀಲ ನೋಡಬಹುದೇ ಎಂದು ಅವ್ವ ಅವರನ್ನೇ ಕೇಳಿ, ಅವರು ಹೂಂ ಎಂದ ಮೇಲೆ ಬಿಚ್ಚಿದರು. ಗುಳಿಗೆಯ ಪೊಟ್ಟಣದ ಮೇಲೆ ಔಷಧಿ ಅಂಗಡಿಯ ಹೆಸರು, ನಂಬರು ಅಚ್ಚಾಗಿತ್ತು. ಫೋನ್ ಮಾಡಿದಾಗ ಅಂಗಡಿಯವನು ಅಜ್ಜಿಯ ಹೆಸರು ಕೇಳಿದೊಡನೆ ಮಗನ ನಂಬರು ಕೊಟ್ಟ. ಮಗ ಜೊತೆಯವರಿಗೆ ಸುದ್ದಿ ಮುಟ್ಟಿಸಿದ. ಹೊರಡುವಾಗ ಒಂದು ಚೀಟಿಯಲ್ಲಿ ನಂಬರು ಬರೆದು ಸೆರಗಿನ ತುದಿಗೆ ಕಟ್ಟಿದ್ದರೆ ಇಷ್ಟು ಸುತ್ತು ಇರುತ್ತಿರಲಿಲ್ಲ. ದಾರಿ ತಪ್ಪಿದ, ದಿಕ್ಕುಗಾಣದ ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇರುವುದು ನನಗೆ ತಿಳಿದದ್ದು ಆ ಮೇಲೆ.

ಒಮ್ಮೆ ವೈದ್ಯರಿಗೆ ತೋರಿಸುವುದು ಲೇಸೆಂದು ಆಟೋ ಕರೆದೆವು. ಆಗ ನನ್ನೊಳಗೆ ಹಳೆಯ ಅಳುಕು ತಲೆಯೆತ್ತಿತು. ಅಪರಿಚಿತರನ್ನು ಆಸ್ಪತ್ರೆಗೆ ಒಯ್ದರೆ ಸಹಿ, ಸಾಕ್ಷಿ, ಠಾಣೆ, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಅಳುಕು. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಹೆಸರು ಹೇಳುವಂತೆ ಬಲವಂತಪಡಿಸಬಾರದು, ತಡೆದು ನಿಲ್ಲಿಸಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದೇ ಮುದ್ರೆಯೊತ್ತಿದೆ. ಕರ್ನಾಟಕವು ತುರ್ತು ಸಮಯದ ಪರೋಪಕಾರಿಗಳ ರಕ್ಷಣೆಗೆ ತನ್ನದೇ ಕಾಯಿದೆ ಮಾಡಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಇಲ್ಲಿ ಅಪಘಾತವೂ ಇರಲಿಲ್ಲ, ಹೆದರಲು ಕಾರಣವೂ ಇರಲಿಲ್ಲ. ಆದರೂ ಹೆದರಿದೆ.

ಆಸ್ಪತ್ರೆಯಲ್ಲಿ “ನೀವು ಇವರಿಗೆ ಏನಾಗಬೇಕು?” ಎಂದಷ್ಟೇ ಕೇಳಿದರು. “ಏನೂ ಆಗಬೇಕಿಲ್ರಿ, ಜೋಡಿ ಬಂದೀವಿ” ಎಂದರು ಅವ್ವ. ರಕ್ತ ಪರೀಕ್ಷೆಯಾಯಿತು, ಗ್ಲೂಕೋಸ್ ಹಾಕಿದರು. ಅಷ್ಟರಲ್ಲಿ ಜೊತೆಯ ಹೆಂಗಸರು ಗಾಬರಿಯಿಂದ ಓಡಿಬಂದರು. ಅವರ ಸೀರೆಯ ಅಂಚುಗಳಿನ್ನೂ ಸಮುದ್ರದ ನೀರಿನಲ್ಲಿ ತೊಯ್ದಿದ್ದವು.

ಬೀಳ್ಕೊಳ್ಳುವ ಹೊತ್ತಿಗೆ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಆನೆಯ ಬಳಿ ಬಿದ್ದಿದ್ದ ನಾಣ್ಯಗಳನ್ನು ಯಾವಾಗ ಕಟ್ಟಿಕೊಂಡಿದ್ದರೋ, ನಾವು ನೋಡಿರಲಿಲ್ಲ. ಎಣಿಸಿದರು. ಹದಿನೇಳು ರೂಪಾಯಿ.

“ಇವು ನನ್ನವಲ್ಲವ್ವ. ಆ ಪಾನಕದಾಕಿಗೆ ಮುಟ್ಟಸ್ರಿ. ಬಾಕಿ ಎಷ್ಟಾಕ್ಕೈತಿ ಅಂತ ಕೇಳ್ರಿ, ನನ್ನ ಮಗ ಕಳಸ್ತಾನ” ಎಂದರು.

ನಾವು ಹಿಂದಿರುಗಿ ಹೋದಾಗ ಆಕೆ ಗಿರಾಕಿಗಳ ನಡುವೆ ಇದ್ದಳು. ನಾಣ್ಯಗಳನ್ನು ನೋಡಿ, ಕೈ ಒರೆಸಿಕೊಂಡು, ಮೊದಲು ಕೇಳಿದ್ದು: “ಅಮ್ಮ ಊಟ ಮಾಡಿದ್ರಾ?”