ನಾಲ್ಕು ಕವಡೆ, ಒಂದು ಸೀಡ್

ಚೌಕಾಬಾರವನ್ನು ಕಂಪ್ಯೂಟರಿಗೆ ಇಳಿಸಹೊರಟ ಹೊಸ ಪ್ರೋಗ್ರಾಮರ್ ಥಟ್ಟನೆ ಬರೆಯುವ ಕೋಡ್ ಹೆಚ್ಚುಕಡಿಮೆ ಒಂದೇ ಬಗೆಯದು. ಒಂದು, ಎರಡು, ಮೂರು, ನಾಲ್ಕು, ಎಂಟು ಎಂಬ ಐದು ಗರಗಳನ್ನು ಒಂದು ಪಟ್ಟಿಯಲ್ಲಿಟ್ಟು, ಅವುಗಳಲ್ಲಿ ಯಾವುದಾದರೊಂದನ್ನು ಎತ್ತಿಕೊಡು ಎಂದು ಜಾವಾದ ರ್ಯಾಂಡಮ್ ಕ್ಲಾಸಿಗೆ ಹೇಳುವುದು. ಕೋಡ್ ಓಡುತ್ತದೆ, ಕಾಯಿ ನಡೆಯುತ್ತದೆ. ಆದರೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡಿ ಬೆಳೆದವರು ಎರಡು ಸುತ್ತು ಮುಗಿಯುವಷ್ಟರಲ್ಲಿ ಹುಬ್ಬು ಗಂಟಿಕ್ಕುತ್ತಾರೆ. ಚೌಕವೂ ಬಾರವೂ ಇಷ್ಟು ಧಾರಾಳವಾಗಿ ಬೀಳುವುದನ್ನು ಅವರು ಕಂಡಿಲ್ಲ.

ಅವರ ಗುಮಾನಿ ಸರಿ. ನಾಲ್ಕು ಕವಡೆಗಳು ಅಂಗಾತವಾಗಿಯೋ ಮಗುಚಿಯೋ ಬೀಳಬಹುದಾದ ಬಗೆಗಳು ಒಟ್ಟು 16. ಎರಡು ಬೀಳಲು ಅವುಗಳಲ್ಲಿ ಆರು ದಾರಿ. ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ನಾಲ್ಕೂ ಅಂಗಾತವಾದ ಚೌಕಕ್ಕೆ ಇರುವುದು ಒಂದೇ ದಾರಿ, ನಾಲ್ಕೂ ಮಗುಚಿದ ಬಾರಕ್ಕೂ ಒಂದೇ. ಅಂದರೆ ಮತ್ತೊಂದು ಸರದಿ ತಂದುಕೊಡುವ ಗರ ಎಂಟು ಎಸೆತಕ್ಕೊಮ್ಮೆ ಬೀಳಬೇಕು. ಐದರ ಪಟ್ಟಿಯಿಂದ ಎತ್ತಿದರೆ ಅದು ಐದಕ್ಕೆ ಎರಡು ಸಲ ಬೀಳುತ್ತದೆ. ಸರಾಸರಿ ಗರ 2.5 ಇರಬೇಕಾದದ್ದು 3.6ಕ್ಕೆ ಏರುತ್ತದೆ. ಆಟದ ಜೀವವೇ ಹೋಯಿತು. ಕವಡೆಯನ್ನೇ ಒಂದು ಕ್ಲಾಸ್ ಮಾಡಿ, ನಾಲ್ಕು ಆಬ್ಜೆಕ್ಟ್‌ಗಳನ್ನು ಸೃಷ್ಟಿಸಿ, ಒಂದೊಂದನ್ನೂ ಬೇರೆಯಾಗಿ ಎಸೆದರೆ ಈ ಲೆಕ್ಕವೆಲ್ಲ ತಾನಾಗಿಯೇ ಸರಿಹೋಗುತ್ತದೆ. ನಿಜವಾದ ಕವಡೆಯ ಎರಡು ಬದಿಗಳಿಗೂ ಸಮಪಾಲು ಇರಬೇಕೆಂದಿಲ್ಲ; ಒಂದು ಬದಿ ತೇಯ್ದ ಹುಣಸೆಬೀಜಕ್ಕೂ ಅಷ್ಟೇ. ಅಂಗಾತ ಬೀಳುವ ಸಂಭವವನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಕೊಟ್ಟುಬಿಟ್ಟರೆ ಎರಡಕ್ಕೂ ಅದೇ ಕ್ಲಾಸ್ ಸಾಕು.

ಕವಡೆ ಸಿದ್ಧವಾದ ಮೇಲೆ ಅದನ್ನು ಎಸೆಯುವ ಕೈಯನ್ನೂ ತಾವೇ ಬರೆಯಬೇಕೆನಿಸುತ್ತದೆ. ಈ ಕಸುಬಿನ ನಿಜವಾದ ಸುಖ ಶುರುವಾಗುವುದೇ ಇಲ್ಲಿ. 1949ರಲ್ಲಿ ಡಿ. ಎಚ್. ಲೆಹ್ಮರ್ ತೋರಿಸಿಕೊಟ್ಟ ದಾರಿ ಇಂದಿಗೂ ಬರೆಯಲು ಎಲ್ಲಕ್ಕಿಂತ ಹಗುರ: ಹಿಂದಿನ ಸಂಖ್ಯೆಯನ್ನು ಗುಣಿಸು, ಭಾಗಿಸು, ಶೇಷವನ್ನು ಇಟ್ಟುಕೋ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಕನಿಷ್ಠ ಮಟ್ಟದ ಅಳತೆಗೋಲಾಗಿ ಮುಂದಿಟ್ಟ ಜನರೇಟರ್‌ನಲ್ಲಿ ಗುಣಕ 16807, ಭಾಜಕ 2147483647. ಶುರುವಿನ ಸಂಖ್ಯೆಯನ್ನು, ಅಂದರೆ ಸೀಡ್ ಅನ್ನು, ಒಂದು ಎಂದಿಟ್ಟು ಹತ್ತು ಸಾವಿರ ಸಲ ತಿರುಗಿಸಿದರೆ ಕೊನೆಗೆ 1043618065 ಬರಲೇಬೇಕು. ಯಾವ ಭಾಷೆಯಲ್ಲಿ ಬರೆದರೂ, ಯಾವ ಯಂತ್ರದ ಮೇಲೆ ಓಡಿಸಿದರೂ ಅದೇ. ತಾನೇ ಬರೆದ ಹತ್ತು ಸಾಲಿನ ಕ್ಲಾಸ್ ಈ ಸಂಖ್ಯೆಯನ್ನು ಪರದೆಯ ಮೇಲೆ ತಂದಿಟ್ಟಾಗ ಆಗುವ ಖುಷಿಯನ್ನು ಸಿದ್ಧ ಲೈಬ್ರರಿ ಕೊಡಲಾರದು.

ಭಾಜಕವನ್ನು ಎರಡರ ಘಾತವಾಗಿ ಆರಿಸಿಕೊಂಡವರಿಗೆ ಮಾತ್ರ ಒಂದು ಗುಂಡಿ ಕಾದಿರುತ್ತದೆ. 2ರ 32ನೇ ಘಾತವಾದರೆ ಭಾಗಾಕಾರದ ಗೊಡವೆಯೇ ಇಲ್ಲ, ಮಿಕ್ಕ ಬಿಟ್‌ಗಳು ತಾವಾಗಿ ಉದುರುತ್ತವೆ. ಆ ಆಸೆಗೇ ಜನ ಹಾಗೆ ಮಾಡುವುದು. ಇಂಥ ಜನರೇಟರ್‌ಗಳಲ್ಲಿ ಗುಣಿಸಿದ ಮೇಲೆ ಇನ್ನೊಂದು ಸಂಖ್ಯೆಯನ್ನು ಕೂಡಿಸುವುದೂ ಉಂಟು. ಗುಣಕವೂ ಹಾಗೆ ಕೂಡಿಸುವ ಸಂಖ್ಯೆಯೂ ಬೆಸವಾಗಿದ್ದರೆ ಉತ್ತರದ ಕಟ್ಟಕಡೆಯ ಬಿಟ್ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ತಪ್ಪದೆ ಸರದಿ ಬದಲಿಸುತ್ತಿರುತ್ತದೆ. ಅದೇ ಬಿಟ್ ನೋಡಿ ನಾಲ್ಕು ಕವಡೆ ಎಸೆದರೆ ಪ್ರತಿ ಸಲವೂ ಎರಡು ಅಂಗಾತ, ಎರಡು ಮಗುಚು. ಆಟ ಮುಗಿಯುವವರೆಗೂ ಬೀಳುವುದು ಎರಡೇ! ಜಾವಾದ ರ್ಯಾಂಡಮ್ ಕ್ಲಾಸ್ 48 ಬಿಟ್‌ಗಳ ಸ್ಥಿತಿಯನ್ನು ಒಳಗಿಟ್ಟುಕೊಂಡು, ಕೆಳಗಿನ 16 ಬಿಟ್‌ಗಳನ್ನು ಯಾರಿಗೂ ಕೊಡದೆ, ಮೇಲಿನವನ್ನಷ್ಟೇ ಹಂಚುವುದು ಈ ಕಾರಣಕ್ಕೆ.

ಇದನ್ನು ಅರಿಯದವರ ತಪ್ಪು ಎನ್ನಬಹುದು. ಅನುಭವಸ್ಥರೇ ಮಾಡುವ ಇನ್ನೊಂದು ಕೆಲಸವಿದೆ, ಅದು ಸಹಿಸಲಾಗದ್ದು: ಬೇಕಾದಾಗಲೆಲ್ಲ ಮೆಥಡ್‌ನ ಒಳಗೇ ಹೊಸ ಜನರೇಟರ್ ಸೃಷ್ಟಿಸುವುದು. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಸೀಡ್ ಕೊಡದೆ ಸೃಷ್ಟಿಸಿದ ರ್ಯಾಂಡಮ್ ಆಬ್ಜೆಕ್ಟ್ ಯಂತ್ರದ ಗಡಿಯಾರವನ್ನೇ ಸೀಡ್ ಆಗಿ ಓದುತ್ತಿತ್ತು. ಆ ಗಡಿಯಾರ ಕದಲುತ್ತಿದ್ದದ್ದು ಹದಿನೈದು ಮಿಲಿಸೆಕೆಂಡಿಗೊಮ್ಮೆ ಎಂಬಷ್ಟು ನಿಧಾನ. ಅಷ್ಟರೊಳಗೆ ಹುಟ್ಟಿದ ನಾಲ್ಕು ಜನರೇಟರ್‌ಗಳು ಒಂದೇ ಸಂಖ್ಯೆ ಹೇಳುತ್ತವೆ, ನಾಲ್ಕು ಕವಡೆಗಳೂ ಒಂದೇ ಮಗ್ಗುಲಿಗೆ ಬೀಳುತ್ತವೆ. ಚೌಕ, ಇಲ್ಲವೇ ಬಾರ. ಬೇರೆ ಗರವೇ ಇಲ್ಲ. ಮುಂದಿನ ಆವೃತ್ತಿಗಳು ಇದನ್ನು ಸರಿಪಡಿಸಿದವು. ಚಟ ಮಾತ್ರ ಹೋಗಿಲ್ಲ.

ಚಟ ಯಾಕೆ ಕೆಟ್ಟದ್ದೆಂದರೆ, ಜನರೇಟರ್‌ಗೆ ಇರುವ ಬೆಲೆಯೆಲ್ಲ ಅದರ ನೆನಪಿನದು. ಅದು ಸ್ಥಿತಿಯುಳ್ಳ ವಸ್ತು. ಒಳಗೊಂದು ಸಂಖ್ಯೆಯನ್ನು ಬಚ್ಚಿಟ್ಟುಕೊಂಡು ಕೇಳಿದಾಗಲೆಲ್ಲ ಒಂದು ಹೆಜ್ಜೆ ಮುಂದಿಡುವುದಷ್ಟೇ ಅದರ ಕೆಲಸ. ಆಬ್ಜೆಕ್ಟ್ ಎಂದರೇನೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಂಥದ್ದನ್ನು ಗ್ಲೋಬಲ್ ಫಂಕ್ಷನ್ ಹಿಂದೆ ಬಚ್ಚಿಟ್ಟರೆ, ನಿನ್ನೆ ರಾತ್ರಿ ಆಟ ಎಡವಿದ್ದು ಯಾವ ಗರದ ಮೇಲೆ ಎಂದು ಮತ್ತೆ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಕನ್‌ಸ್ಟ್ರಕ್ಟರ್ ಮೂಲಕ ಹೊರಗಿನಿಂದ ಒಪ್ಪಿಸಿದರೆ ಸೀಡ್ ಕೈಯಲ್ಲಿರುತ್ತದೆ, ಇಡೀ ಆಟವನ್ನು ಗರ ಗರವಾಗಿ ಮರಳಿ ಆಡಿಸಬಹುದು. ಟೆಸ್ಟ್ ಬರೆಯುವಾಗ ಇನ್ನೂ ಒಳ್ಳೆಯದೊಂದು ಉಪಾಯವಿದೆ. ಜಾವಾದಲ್ಲಿ ಬಿಟ್‌ಗಳನ್ನು ಕೊಡುವ ನೆಕ್ಸ್ಟ್ ಮೆಥಡ್ ಒಂದನ್ನೇ ಸಬ್‌ಕ್ಲಾಸ್‌ನಲ್ಲಿ ಬದಲಿಸಿ, ಸದಾ ಸೊನ್ನೆ ಕೊಡುವಂತೆ ಮಾಡಿ, ಸೊನ್ನೆಗೆ ಮಗುಚು ಎಂದಿಟ್ಟರೆ ಬಾರದ ಮೇಲೆ ಬಾರ ಬೀಳುತ್ತದೆ. ಮತ್ತೊಂದು ಸರದಿಯ ನಿಯಮ ಸರಿಯಿದೆಯೇ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಈ ವಿವೇಕ ಹೊಸದಲ್ಲ. ಆಬ್ಜೆಕ್ಟ್ ಎಂಬ ಕಲ್ಪನೆ ಹುಟ್ಟಿದ್ದೇ ಸಿಮ್ಯುಲೇಷನ್ ಕೆಲಸಕ್ಕೆ, ನಾರ್ವೆಯ ಓಸ್ಲೋದಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ 1960ರ ದಶಕದಲ್ಲಿ ಕಟ್ಟಿದ ಸಿಮ್ಯುಲಾ ಭಾಷೆಯಲ್ಲಿ ಯಾದೃಚ್ಛಿಕ ಸಂಖ್ಯೆ ಎತ್ತುವ ಪ್ರೊಸೀಜರ್‌ಗಳು ಹಲವು, ಮತ್ತು ಅವುಗಳಿಗೆ ಸೀಡ್ ಇರುವ ವೇರಿಯಬಲ್ ಅನ್ನು ಕರೆಯುವವರೇ ಕೊಡಬೇಕು. ಅಂಗಡಿಯೊಂದರ ಸರದಿಸಾಲನ್ನು ಸಿಮ್ಯುಲೇಟ್ ಮಾಡುವುದಾದರೆ, ಗಿರಾಕಿ ಬರುವ ಹೊತ್ತಿಗೆ ಒಂದು ಸೀಡ್, ಕೌಂಟರ್‌ನಲ್ಲಿ ಹಿಡಿಯುವ ಹೊತ್ತಿಗೆ ಇನ್ನೊಂದು. ಕೌಂಟರ್ ಒಂದನ್ನು ಹೆಚ್ಚಿಸಿ ಮತ್ತೆ ಓಡಿಸಿದರೆ ಗಿರಾಕಿಗಳು ಅದೇ ಕ್ಷಣಗಳಲ್ಲಿ ಬಂದು ನಿಲ್ಲುತ್ತಾರೆ, ಹೋಲಿಕೆ ನ್ಯಾಯವಾಗಿರುತ್ತದೆ. ಮುಂದೆ ಸ್ಮಾಲ್‌ಟಾಕ್ ರ್ಯಾಂಡಮ್ ಅನ್ನು ಸ್ಟ್ರೀಮ್‌ನ ಸಬ್‌ಕ್ಲಾಸ್ ಮಾಡಿತು: ಬರಿದಾಗದ ಒಂದು ಹರಿವು, ಮುಂದಿನದು ಎಂದರೆ ಮುಂದಿನದು. ಇದಕ್ಕಿಂತ ಚೆಲುವಾದ ವಿನ್ಯಾಸ ಆಮೇಲೆ ಬಂದಿಲ್ಲ.

ಸಿ++ ವಿಷಯದಲ್ಲಿ ಮಾತ್ರ ಸಿಟ್ಟು ಬರುತ್ತದೆ. 2011ರ ಆವೃತ್ತಿ ಜನರೇಟರ್‌ಗಳನ್ನು ಒಂದು ಕಡೆ, ಅವುಗಳಿಂದ ಬೇಕಾದ ವ್ಯಾಪ್ತಿಯ ಸಂಖ್ಯೆ ಮಾಡಿಕೊಡುವ ಡಿಸ್ಟ್ರಿಬ್ಯೂಷನ್‌ಗಳನ್ನು ಇನ್ನೊಂದು ಕಡೆ ಇಟ್ಟಿತು. ಅಲ್ಲಿಯವರೆಗೆ ಎಲ್ಲ ಸೊಗಸು. ಮರ್ಸೆನ್ ಟ್ವಿಸ್ಟರ್ ಎಂಬ ಜನರೇಟರ್ ಕೊಡುವ ಹತ್ತು ಸಾವಿರನೇ ಸಂಖ್ಯೆ 4123659995 ಆಗಿರಬೇಕೆಂದು ಮಾನಕದಲ್ಲೇ ಬರೆದಿದೆ. ಡಿಸ್ಟ್ರಿಬ್ಯೂಷನ್ ಅದನ್ನು ಹೇಗೆ ಬಳಸಬೇಕೆಂಬುದನ್ನು ಮಾತ್ರ ಲೈಬ್ರರಿ ಬರೆಯುವವರ ಇಷ್ಟಕ್ಕೆ ಬಿಟ್ಟಿದೆ! ಹಾಗಾಗಿ ಅದೇ ಸೀಡ್, ಅದೇ ಕೋಡ್, ಬೇರೆ ಕಂಪೈಲರ್ ಎಂದರೆ ಬೇರೆ ಗರ ಬೀಳಬಹುದು. ಮರಳಿ ಆಡಿಸುವ ಹಕ್ಕನ್ನು ಕಿತ್ತುಕೊಂಡ ಮೇಲೆ ಆ ಹತ್ತು ಸಾವಿರನೇ ಸಂಖ್ಯೆಯನ್ನು ಕಾಪಾಡಿ ಏನು ಬಂತು? ಜಾವಾ ಈ ಮಟ್ಟಿಗೆ ಪ್ರಾಮಾಣಿಕ. ರ್ಯಾಂಡಮ್ ಕ್ಲಾಸಿನ ಸೂತ್ರಗಳನ್ನು ದಾಖಲೆಯಲ್ಲೇ ಬರೆದು, ಎಲ್ಲರೂ ಅದನ್ನೇ ಪಾಲಿಸಬೇಕೆಂದು ಕಟ್ಟುಮಾಡಿದೆ.

ಮರಳಿ ಆಡಿಸಬಹುದಾದದ್ದನ್ನು ಮುಂಚಿತವಾಗಿ ಊಹಿಸಲೂಬಹುದು ಎಂಬುದನ್ನು ಮರೆಯುವಂತಿಲ್ಲ. ಜಾವಾದ ರ್ಯಾಂಡಮ್ ಕೊಟ್ಟ ಎರಡು ಪೂರ್ಣ ಸಂಖ್ಯೆಗಳು ಒಂದರ ಹಿಂದೊಂದು ಕಣ್ಣಿಗೆ ಬಿದ್ದರೆ ಸಾಕು, ಮುಚ್ಚಿಟ್ಟ 16 ಬಿಟ್‌ಗಳಿಗಾಗಿ 65,536 ಸಾಧ್ಯತೆಗಳನ್ನು ಹುಡುಕಿ ಮುಂದಿನದನ್ನೆಲ್ಲ ಹೇಳಿಬಿಡಬಹುದು. ಇಂದಿನ ಯಂತ್ರಕ್ಕೆ ಅದು ಕಣ್ಣು ಮಿಟುಕಿಸುವ ಕೆಲಸ. ಒಟಿಪಿಗೆ, ಪಾಸ್‌ವರ್ಡ್‌ಗೆ, ಹಣ ಕಟ್ಟುವ ಯಾವುದಕ್ಕೂ ಇದನ್ನು ದಯವಿಟ್ಟು ಬಳಸಬೇಡಿ. ಅದಕ್ಕೆಂದೇ ಸೆಕ್ಯೂರ್‌ರ್ಯಾಂಡಮ್ ಇದೆ. ಅದು ರ್ಯಾಂಡಮ್‌ನ ಸಬ್‌ಕ್ಲಾಸ್ ಆದ್ದರಿಂದ, ಜನರೇಟರ್ ಅನ್ನು ಹೊರಗಿನಿಂದ ಒಪ್ಪಿಸುವಂತೆ ಬರೆದವರು ಬದಲಿಸಬೇಕಾದದ್ದು ಒಂದೇ ಸಾಲು.