ಬಿಸಿಲೂರಿನ ಕಾರು

ಕಲಬುರಗಿಯ ಏಪ್ರಿಲ್ ತಿಂಗಳನ್ನು ಕಂಡುಂಡವರ ಮುಂದೆ ಕಾರಿಗೆ ಎಸಿ ಬೇಕೋ ಬೇಡವೋ ಎಂಬ ಚರ್ಚೆ ತೆಗೆಯಬಾರದು. ಬೆಳಿಗ್ಗೆ ಹನ್ನೊಂದಕ್ಕೇ ರಸ್ತೆಗಳು ಬಣಗುಡುತ್ತವೆ. 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ಬಯಲಲ್ಲಿ ನಿಂತ ಕಾರಿನ ಸ್ಟಿಯರಿಂಗ್ ಹಿಡಿದರೆ ಅಂಗೈ ಚುರ್ ಎನ್ನುತ್ತದೆ. ಸೀಟ್ ಬೆಲ್ಟಿನ ಕೊಕ್ಕೆ ತಾಗಿದರೆ ಬರೆ ಎಳೆದಂತಾಗುತ್ತದೆ. ಅಂಥ ಹೊತ್ತಿನಲ್ಲಿ ಮುಪ್ಪಿನವರನ್ನೋ ಎಳೆಗೂಸನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವರಿಗೆ ಎಸಿ ಒಂದು ಆಸರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ ನನಗೆ ಬಹಳ ಸಂತೋಷವಾಯಿತು. ಎಂಜಿನ್ನಿನ ಕಾವು ಒಂದು ಕಡೆ, ಬಿಸಿಲಿನ ಝಳ ಇನ್ನೊಂದು ಕಡೆ, ನಡುವೆ ಕುಳಿತು ದಿನವಿಡೀ ಲಾರಿ ಓಡಿಸುವವರಿಗೆ ಅದು ಎಂದೋ ಸಿಗಬೇಕಿತ್ತು. ಎಸಿ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ಅದನ್ನು ಹಾಕಿಕೊಳ್ಳುವ ಅವಸರದಲ್ಲಿ ನಾವು ಸುಮ್ಮನೆ ಚೆಲ್ಲುವ ಪೆಟ್ರೋಲು, ಡೀಸೆಲ್ಲು ಮಾತ್ರ ನನ್ನನ್ನು ಕಾಡುತ್ತದೆ.

ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಎಸಿಗೆ ಬೇಕಾದ ಶಕ್ತಿ ಬರುವುದು ಎಂಜಿನ್ನಿನಿಂದಲೇ. ಒಂದು ಬೆಲ್ಟು ಕಂಪ್ರೆಸರನ್ನು ತಿರುಗಿಸುತ್ತದೆ. ಕಂಪ್ರೆಸರ್ ಒತ್ತಿ ಕಳಿಸಿದ ಗ್ಯಾಸ್ ಕಾರಿನ ಒಳಗಿನ ಸೆಕೆಯನ್ನು ಹೊತ್ತು ತಂದು, ಮುಂಭಾಗದ ಜಾಲರಿಯ ಹಿಂದಿರುವ ಕಂಡೆನ್ಸರ್ ಮೂಲಕ ಬೀದಿಗೆ ಸುರಿಯುತ್ತದೆ. ಸಿಗ್ನಲ್ಲಿನಲ್ಲಿ ನಮ್ಮ ಪಕ್ಕ ನಿಂತ ಬೈಕ್ ಸವಾರನ ಕಾಲಿಗೆ ತಾಗುವ ಬಿಸಿಗಾಳಿಯಲ್ಲಿ ನಮ್ಮ ತಂಪಿನ ಪಾಲೂ ಇದೆ. ತುಂಬ ಬಿಸಿಲಿರುವ ದಿನ, ಅದರಲ್ಲೂ ಹತ್ತಿರದ ಓಡಾಟಗಳಲ್ಲಿ, ಎಸಿಯಿಂದ ಮೈಲೇಜ್ ಶೇ. 25ಕ್ಕಿಂತಲೂ ಹೆಚ್ಚು ಕುಸಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹತ್ತಿರದ ಓಡಾಟಕ್ಕೇ ಯಾಕೆ ಹೆಚ್ಚು ಹೊರೆ? ಕಾದ ಕಾರನ್ನು ತಣ್ಣಗೆ ಮಾಡುವ ಮೊದಲ ಕೆಲವು ನಿಮಿಷಗಳಲ್ಲೇ ಕಂಪ್ರೆಸರ್ ಅತಿ ಹೆಚ್ಚು ದುಡಿಯುತ್ತದೆ. ಕಾರು ತಣ್ಣಗಾಗುವ ಹೊತ್ತಿಗೆ ನಾವು ಇಳಿದು ಹೋಗಿರುತ್ತೇವೆ.

ಹಾಗಾದರೆ ಉಳಿತಾಯದ ಗುಟ್ಟು ಸ್ವಿಚ್ಚಿಗಿಂತ ಮೊದಲೇ ಇದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹೆಂಗಸರು ಬಿಸಿಲೇರುವ ಮುನ್ನ ಕಿಟಕಿ ಬಾಗಿಲು ಮುಚ್ಚುತ್ತಿದ್ದರು, ಹೊತ್ತು ಮುಳುಗಿದ ಮೇಲೆ ಎಲ್ಲವನ್ನೂ ಹಾರು ಹೊಡೆದು ಒಳಗಿನ ಧಗೆಯನ್ನು ಹೊರಗೆ ಅಟ್ಟುತ್ತಿದ್ದರು. ಬರುವ ಸೆಕೆಯನ್ನು ತಡೆ, ಬಂದದ್ದನ್ನು ಮೊದಲು ಹೊರಗೆ ಹಾಕು: ಈ ಎರಡೇ ಸೂತ್ರ ಕಾರಿಗೂ ಸಾಕು.

ತಡೆಯುವುದಕ್ಕೆ ಬೇವಿನ ಮರದಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಅಂಗಡಿ ಬಾಗಿಲಿಗೇ ಕಾರು ತಾಗಿಸುವ ಹಟ ಬಿಟ್ಟು ನೂರು ಹೆಜ್ಜೆ ನಡೆದರೆ ನಮ್ಮ ಊರುಗಳಲ್ಲಿ ಇನ್ನೂ ಒಂದು ಬೇವೋ ಹೊಂಗೆಯೋ ಸಿಗುತ್ತದೆ. ಈಗಿನ ನೆರಳನ್ನು ನೋಡಿ ನಿಲ್ಲಿಸಿದರೆ ಸಾಲದು. ನಾವು ಮರಳುವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ ಎಂದೂ ನೋಡಬೇಕು. ನೆರಳೇ ಇಲ್ಲದಿದ್ದರೆ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಪರದೆ ಕಟ್ಟಬಹುದು. ಅದೂ ಇಲ್ಲವೆಂದರೆ ಸ್ಟಿಯರಿಂಗ್ ಮೇಲೆ ಒಂದು ಬಿಳಿ ಟವೆಲ್ಲಾದರೂ ಇರಲಿ. ಗಾಜಿಗೆ ಕಪ್ಪು ಫಿಲ್ಮ್ ಹಚ್ಚುವ ದಾರಿಯನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಮುಚ್ಚಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರ ಬಹುಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. ಗಾಜನ್ನು ಬೆರಳಷ್ಟು ಇಳಿಸಿದರೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲವಂತೆ. ಐದೇ ನಿಮಿಷ ಎಂದುಕೊಂಡು ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯುವವರು ಇದನ್ನು ಮರೆಯಬಾರದು.

ಕಾದ ಕಾರಿಗೆ ಹತ್ತುವುದಕ್ಕೂ ಒಂದು ಕ್ರಮವಿದೆ. ಒಂದು ಬದಿಯ ಗಾಜು ಇಳಿಸಿ, ಎದುರು ಬದಿಯ ಬಾಗಿಲನ್ನು ನಾಲ್ಕೈದು ಸಲ ತೆರೆದು ಮುಚ್ಚಿದರೆ ಒಳಗಿನ ಬಿಸಿಗಾಳಿ ದಬದಬನೆ ಹೊರಬೀಳುತ್ತದೆ. ಆಮೇಲೆ ಎಲ್ಲ ಗಾಜು ಇಳಿಸಿಕೊಂಡೇ ಹೊರಡಬೇಕು. ನಿಂತಲ್ಲೇ ಎಂಜಿನ್ ಚಾಲೂ ಮಾಡಿ ತಣ್ಣಗಾಗಲೆಂದು ಕಾಯುವುದರಿಂದ ಇಂಧನವೂ ಹಾಳು, ಹೊತ್ತೂ ಹಾಳು. ನಿಂತ ಕಾರಿನಲ್ಲಿ ಎಂಜಿನ್ ನಿಧಾನ ತಿರುಗುವುದರಿಂದ ಕಂಪ್ರೆಸರಿಗೂ ವೇಗ ಸಾಲದು, ಕಂಡೆನ್ಸರಿಗೆ ಎದುರುಗಾಳಿಯೂ ಸಿಗದು. ಓಡುವ ಕಾರು ಬೇಗ ತಣಿಯುತ್ತದೆ. ಎರಡು ಮೂರು ನಿಮಿಷ ಕಳೆದ ಮೇಲೆ ಗಾಜು ಏರಿಸಿ ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಬೇಕು. ಆಗ ಕಂಪ್ರೆಸರ್ ಬೀದಿಯ 42 ಡಿಗ್ರಿಯ ಗಾಳಿಯನ್ನು ಮತ್ತೆ ಮತ್ತೆ ತಣಿಸಬೇಕಾಗಿಲ್ಲ. ದೂರದ ಪ್ರಯಾಣದಲ್ಲಿ ಮಾತ್ರ ಆಗಾಗ ಹೊರಗಾಳಿ ಬಿಟ್ಟುಕೊಳ್ಳಬೇಕು. ಇಲ್ಲವಾದರೆ ಉಸಿರಾಡಿದ ಗಾಳಿಯನ್ನೇ ಉಸಿರಾಡಿ ಮಂಪರು ಕವಿಯುತ್ತದೆ.

ತಂಪು ಎಷ್ಟಿರಬೇಕು? ಮನೆಯ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂದು 2020ರಿಂದ ನಿಯಮವಿದೆ. ಡಿಗ್ರಿ ತೋರಿಸುವ ಸ್ವಯಂಚಾಲಿತ ಎಸಿ ಇರುವ ಕಾರಿಗೂ 24, 25 ಒಳ್ಳೆಯ ಹದ. ನೀಲಿಯಿಂದ ಕೆಂಪಿಗೆ ತಿರುಗುವ ಸಾದಾ ಗುಂಡಿ ಇರುವ ಎಷ್ಟೋ ಕಾರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಗುಂಡಿಯನ್ನು ನಡುವಿಗೆ ತಂದರೆ ತಣಿದ ಗಾಳಿಗೆ ಎಂಜಿನ್ನಿನ ಬಿಸಿ ಬೆರೆಯುತ್ತದೆ, ಅಷ್ಟೇ. ಕಂಪ್ರೆಸರ್ ದುಡಿಮೆ ತಗ್ಗುವುದಿಲ್ಲ. ಅಂಥ ಕಾರಿನಲ್ಲಿ ಗುಂಡಿಯನ್ನು ನೀಲಿಯಲ್ಲೇ ಬಿಟ್ಟು ಬ್ಲೋವರ್ ಇಳಿಸಬೇಕು. ಆಗ ಕಂಪ್ರೆಸರ್ ಬೇಗ ಬೇಗ ವಿಶ್ರಾಂತಿಗೆ ನಿಲ್ಲುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಮುಂದಿನ ಬಾಗಿಲಿಗೆ ತ್ರಿಕೋನದ ಪುಟ್ಟ ಗಾಜೊಂದು ಇರುತ್ತಿತ್ತು. ಅದನ್ನು ಓರೆಯಾಗಿ ತಿರುಗಿಸಿದರೆ ಗಾಳಿ ನೇರ ಎದೆಗೆ ಬೀಸುತ್ತಿತ್ತು. ಆ ಗಾಜು ಹೋಯಿತು, ಗಾಳಿ ಹೋಗಿಲ್ಲ. ಮುಂಜಾನೆಯ ತಂಪಿನಲ್ಲಿ, ಊರೊಳಗಿನ ನಿಧಾನದ ಓಟದಲ್ಲಿ ಗಾಜು ಇಳಿಸಿದರೆ ಒಂದು ಹನಿ ಪೆಟ್ರೋಲೂ ಹೆಚ್ಚು ಸುಡುವುದಿಲ್ಲ. ಹೆದ್ದಾರಿ ಹಿಡಿದು ಎಂಬತ್ತು ತೊಂಬತ್ತರ ವೇಗಕ್ಕೆ ಬಂದಾಗ ತೆರೆದ ಕಿಟಕಿಗೆ ನುಗ್ಗುವ ಗಾಳಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ಗಾಜು ಮುಚ್ಚಿ ಹಿತವಾಗಿ ಎಸಿ ಹಾಕಿಕೊಳ್ಳುವುದೇ ವಿವೇಕ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಗಾಜಿನ ಒಳಗೆ ಮಂಜು ಕಟ್ಟಿದರೂ ಎಸಿ ಬೇಕು; ಅದು ಗಾಳಿಯ ತೇವ ಹೀರಿ ದಾರಿ ಕಾಣಿಸುತ್ತದೆ. ಅಲ್ಲಿ ಸುಡುವ ಇಂಧನ ಸಾರ್ಥಕ.

ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕು ಎಂಬ ನಂಬಿಕೆಯೊಂದು ಹಬ್ಬಿದೆ. ನಮ್ಮೂರಿನ ಎಸಿ ಮೆಕ್ಯಾನಿಕ್ ಒಬ್ಬರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಗ್ಯಾಸ್ ಅಂದ್ರ ಪೆಟ್ರೋಲ್ ಅಲ್ರೀ ಸರ್, ಸುಟ್ಟು ಖಾಲಿ ಆಗ್ಲಿಕ್ಕ. ಕಡಿಮಿ ಆಗ್ಯಾದ ಅಂದ್ರ ಎಲ್ಲೋ ಸೋರ್ಲಾಕತ್ತದ. ಮೊದಲ ಅದನ್ನ ಹುಡುಕಬೇಕು." ಅವರ ಮಾತು ದುಡ್ಡಿಗಷ್ಟೇ ಸಂಬಂಧಿಸಿದ್ದಲ್ಲ. ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಸೋರಿಕೆ ಮುಚ್ಚದೆ ಮತ್ತೆ ತುಂಬಿಸಿದರೆ ಅದನ್ನು ಆಕಾಶಕ್ಕೆ ಬಿಟ್ಟಂತೆಯೇ. ನಮ್ಮ ಕಡೆಯ ಕರಿಮಣ್ಣಿನ ದೂಳು ಕಂಡೆನ್ಸರಿನ ಸಂದುಗಳಲ್ಲಿ ಮೆತ್ತಿಕೊಂಡಾಗ ಮೆಲ್ಲಗೆ ನೀರು ಬಿಟ್ಟು ತೊಳೆಸುವುದು, ಒಳಗಿನ ಗಾಳಿಯ ಫಿಲ್ಟರ್ ಕಟ್ಟಿಕೊಂಡಾಗ ಬದಲಿಸುವುದು: ಇಷ್ಟು ಮಾಡಿದರೂ ಅರ್ಧ ತಕರಾರು ತಪ್ಪುತ್ತದೆ. ಚಳಿಗಾಲದಲ್ಲೂ ಆಗೊಮ್ಮೆ ಈಗೊಮ್ಮೆ ಕೆಲವು ನಿಮಿಷ ಎಸಿ ಓಡಿಸಬೇಕು. ಕಂಪ್ರೆಸರಿನ ಎಣ್ಣೆ ಗ್ಯಾಸಿನೊಂದಿಗೇ ಹರಿಯುವುದರಿಂದ ಒಳಗಿನ ರಬ್ಬರುಗಳು ಒಣಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪೋಲು ನಿಂತ ಕಾರಿನದು. ಮದುವೆ ಮಂಟಪಗಳ ಮುಂದೆ, ಶಾಲೆಗಳ ಗೇಟಿನಲ್ಲಿ, ಕಚೇರಿಗಳ ಅಂಗಳದಲ್ಲಿ ತಾಸುಗಟ್ಟಲೆ ಎಂಜಿನ್ ಓಡುತ್ತಲೇ ಇರುತ್ತದೆ. ಒಂದು ಅಡಿ ಮುಂದೆ ಹೋಗದೆ ಇಂಧನ ಸುಡುತ್ತದೆ, ಹೊಗೆ ಉಗುಳುತ್ತದೆ, ಮಕ್ಕಳು ನಡೆಯುವ ದಾರಿಗೆ ಬಿಸಿ ಸುರಿಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಹೀಗೆ ಎಸಿ ಹಾಕಿಕೊಂಡು ಮಲಗಿದವರ ಪ್ರಾಣವನ್ನೇ ವಿಷಾನಿಲ ತೆಗೆದುಬಿಡಬಹುದು. ಹೊರಗೆ ಎಂಜಿನ್ ಓಡಿಸಿಕೊಂಡು ಕಾಯುವ ಚಾಲಕರನ್ನು ಬೈಯುವುದು ನ್ಯಾಯವಲ್ಲ. ಅವರಿಗೆ ಕುಳಿತುಕೊಳ್ಳಲು ನಾವು ಬೇರೆ ಜಾಗ ಕೊಟ್ಟಿರುವುದಿಲ್ಲ.

ಆದ್ದರಿಂದ ಈ ಬೇಸಿಗೆಯಲ್ಲಿ ಕಾರಿನಿಂದ ಇಳಿಯುವಾಗ ಎರಡು ಕೆಲಸ ಮಾಡಿ. ಎಂಜಿನ್ ಆರಿಸಲು ಹೇಳಿ. ನಿಮ್ಮ ಚಾಲಕರನ್ನೂ ನೆರಳಿಗೆ, ಫ್ಯಾನಿನ ಕೆಳಗೆ ಕರೆದು ಒಂದು ತಂಬಿಗೆ ನೀರು ಕೊಡಿಸಿ.